ನಗಿಸುವ ವಿದ್ಯೆ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಹಾಸ್ಯವನ್ನು ಎಂಟು ರಸಗಳಲ್ಲೊಂದಾಗಿ ಎಣಿಸಿ, ಸ್ಮಿತದಿಂದ ಅತಿಹಸಿತದವರೆಗೆ ನಗೆಯ ಆರು ಭೇದಗಳನ್ನು ಹೇಳಿದ್ದಾನೆ. ಶೃಂಗಾರ ವೀರಗಳ ಪಂಕ್ತಿಯಲ್ಲಿ ಮುನಿಯು ಕುಳ್ಳಿರಿಸಿದ ಈ ರಸವನ್ನು ಲೋಕವು ಮಾತ್ರ ಹಗುರವಾಗಿಯೇ ಕಾಣುತ್ತ ಬಂದಿದೆ. ಮನೆಗೆ ಬಂದವರ ಮಾತಿನ ಧಾಟಿಯನ್ನು ಮಗನು ಅನುಕರಿಸಿದರೆ, "ಇದರಿಂದ ಹೊಟ್ಟೆ ತುಂಬುವುದೇ?" ಎಂದು ಗದರದ ಗೃಹಸ್ಥರು ವಿರಳ. ಆ ಪ್ರಶ್ನೆಗೆ ನಮ್ಮ ಕರಾವಳಿಯು ಕೊಟ್ಟ ಒಂದು ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನರಿಗೆ ನಗೆಯ ಪಾಠಶಾಲೆಯೆಂದರೆ ಯಕ್ಷಗಾನದ ರಂಗಸ್ಥಳ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ಮೇಳಗಳ ಬಯಲಾಟಗಳಲ್ಲಿ ಅರಸನು ಗ್ರಾಂಥಿಕ ಕನ್ನಡವನ್ನಾಡಿದರೆ, ದೂತನೋ ಅಗಸನೋ ಆಗಿ ಬರುವ ಹಾಸ್ಯಗಾರನು ಊರ ಕನ್ನಡವನ್ನಾಡುತ್ತಾನೆ. ಸಂಸ್ಕೃತ ನಾಟಕದ ವಿದೂಷಕನು ಪ್ರಾಕೃತವನ್ನಾಡುವುದೂ ಇದೇ ರೀತಿ. ಹಾಡುವ ಪದ್ಯಕ್ಕೆ ಪುಸ್ತಕವುಂಟು, ಆಡುವ ಮಾತಿಗಿಲ್ಲ. ಪುರಾಣವನ್ನೂ ಎದುರಿಗೆ ಕುಳಿತವರ ಮನಸ್ಸನ್ನೂ ಬಲ್ಲವನೇ ಅಲ್ಲಿ ನಗಿಸಬಲ್ಲನು.

ಈ ನಗೆಯು ಈಗ ಟೆಲಿವಿಷನ್ನಿನ ದಾರಿಯಿಂದ ನಡುಮನೆಗೇ ಬಂದಿದೆ. ಹಾಗೆ ನಮ್ಮ ಮನೆಗಳಿಗೆ ಬಂದವರಲ್ಲಿ ರಾಕೇಶ್ ಪೂಜಾರಿ ಒಬ್ಬರು. ಇವರ ಊರು ಮಲ್ಪೆಗೆ ಉತ್ತರದ ಕಡಲತೀರದಲ್ಲಿರುವ ಹೂಡೆ. 'ಚೈತನ್ಯ ಕಲಾವಿದರು' ಎಂಬ ನಾಟಕ ತಂಡದಲ್ಲಿ ಪಳಗಿ, 'ಕಡ್ಲೆ ಬಜಿಲ್' ಎಂಬ ತುಳು ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಜೀ ಕನ್ನಡ ವಾಹಿನಿಯ 'ಕಾಮಿಡಿ ಕಿಲಾಡಿಗಳು' ಸ್ಪರ್ಧೆಯಲ್ಲಿ 2018ರಲ್ಲಿ ಇವರಿದ್ದ ತಂಡವು ಎರಡನೆಯ ಸ್ಥಾನವನ್ನು ಪಡೆಯಿತು. 2020ರಲ್ಲಿ ಅದರ ಮೂರನೆಯ ಆವೃತ್ತಿಯನ್ನು ಇವರೇ ಗೆದ್ದರು. ಆಟದಲ್ಲಿ ಇರುಳೆಲ್ಲ ಅವಕಾಶವುಂಟು. ಇಲ್ಲಿಯಾದರೋ ಕೆಲವೇ ನಿಮಿಷಗಳಲ್ಲಿ ತೀರ್ಪುಗಾರರನ್ನೂ ಕಾಣದ ಲಕ್ಷಾಂತರ ಮಂದಿಯನ್ನೂ ನಗಿಸಬೇಕು. ಮುಂದೆ ಅವರಿಗೆ ಕನ್ನಡ, ತುಳು ಚಲಚ್ಚಿತ್ರಗಳ ಬಾಗಿಲೂ ತೆರೆಯಿತು.

ಆದರೆ ವಿಧಿಯು ಬೇರೆಯೇ ಎಣಿಸಿತ್ತು. 2025ರ ಮೇ 12ರಂದು, ಕಾರ್ಕಳದ ಬಳಿಯ ನಿಟ್ಟೆಯಲ್ಲಿ ಮದುವೆಗೆ ಮುಂಚಿನ ಮೆಹಂದಿಯ ಸಂಭ್ರಮದ ನಡುವೆ ಅವರು ಕುಸಿದು, ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 35 ಸಹ ತುಂಬಿರಲಿಲ್ಲ. ಕುಂದಾಪುರ ತಾಲೂಕಿನ ಕೆರಾಡಿಯವರಾದ ರಿಷಬ್ ಶೆಟ್ಟಿಯವರು ನಿರ್ದೇಶಿಸಿದ 'ಕಾಂತಾರ: ಅಧ್ಯಾಯ 1' ಅದೇ ವರ್ಷ ಅಕ್ಟೋಬರ್ 2ರಂದು ತೆರೆಗೆ ಬಂದಾಗ, ಅದರಲ್ಲಿ ರಾಕೇಶರಿದ್ದರು, ನೋಡಲು ಅವರಿರಲಿಲ್ಲ. ನಗಿಸಿದವನಿಗಾಗಿ ಜನರು ಕಣ್ಣೀರಿಟ್ಟರು.

ಭರತನು ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ವಿಭಾಗಿಸುತ್ತಾನೆ: ತಾನು ನಗುವುದು ಮೊದಲನೆಯದು, ಪರರನ್ನು ನಗಿಸುವುದು ಎರಡನೆಯದು. ಎರಡನೆಯದು ವಿದ್ಯೆ, ಅದಕ್ಕೆ ಅಭ್ಯಾಸ ಬೇಕು, ಸಂಯಮ ಬೇಕು. ಆದುದರಿಂದ ಮಕ್ಕಳಲ್ಲಿ ಈ ಗುಣವು ಕಂಡರೆ ಗದರಬೇಡಿರಿ. ಕುಂಟನ ನಡಿಗೆಯನ್ನೂ ತೊದಲನ ನುಡಿಯನ್ನೂ ಅಣಕಿಸಿದರೆ ಮಾತ್ರ ಕೂಡಲೇ ತಡೆಯಿರಿ. ಅವರಿಗೆ ಕಥೆ ಹೇಳಿರಿ, ಒಳ್ಳೆಯ ಪುಸ್ತಕವನ್ನು ಕೈಗಿಡಿರಿ, ಆಟಕ್ಕೆ ಕರೆದೊಯ್ಯಿರಿ.