ಕೋಬೆ ನಗರದಲ್ಲಿ ಬಾಖ್‌ನ ಗಾನ

1995ರ ಜನವರಿ 17ರ ಮುಂಜಾನೆ ಜಪಾನಿನ ಕೋಬೆ ನಗರವು ಭೀಕರ ಭೂಕಂಪಕ್ಕೆ ತುತ್ತಾಯಿತು. ಆರು ಸಾವಿರಕ್ಕೂ ಮಿಕ್ಕಿ ಜನರು ಮಡಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ, ಆ ನಗರದ ಶೋಯಿನ್ ವಿದ್ಯಾಸಂಸ್ಥೆಯ ಪ್ರಾರ್ಥನಾಲಯದಲ್ಲಿ ಜಪಾನೀ ಗಾಯಕರೂ ವಾದಕರೂ ಸೇರಿ, ಯೋಹಾನ್ ಸೆಬಾಸ್ಟಿಯನ್ ಬಾಖ್ ರಚಿಸಿದ ಪಾಸ್ಕ ಹಬ್ಬದ ಗಾನಕೃತಿಯೊಂದನ್ನು ಧ್ವನಿಮುದ್ರಿಸಿದರು. ಮರಣವೂ ಜೀವವೂ ಸೆಣಸಿ ಜೀವವೇ ಗೆದ್ದುದು ಅದರ ವಸ್ತು. ನಮ್ಮ ಪಾಸ್ಕ ಪೂಜೆಯ ಪ್ರಾಚೀನ ಲತೀನ್ ಗೀತೆಯೇ ಅದರ ಪದಗಳಿಗೆ ಒಂದು ಮೂಲ ಎಂಬುದನ್ನು ಕಥೋಲಿಕರಾದ ನಾವು ಅಭಿಮಾನದಿಂದ ನೆನೆಯಬಹುದು. ಬಾಖ್‌ನ ಆರಂಭದ ಕೃತಿಗಳಿಂದ ಹೊರಡಬೇಕೆಂಬ ಕ್ರಮದಿಂದಾಗಿಯೇ ಅದು ಮೊದಲಿಗೆ ಬಂದಿತು. ಆದರೂ ಆ ನಗರದಲ್ಲಿ, ಆ ತಿಂಗಳಲ್ಲಿ ಅದನ್ನು ಹಾಡಿದವರ ಮನಸ್ಸು ಹೇಗಿದ್ದಿರಬೇಕು!

ಆ ತಂಡವನ್ನು ನಡೆಸಿದವರು ಕೋಬೆಯಲ್ಲೇ 1954ರಲ್ಲಿ ಹುಟ್ಟಿದ ಮಸಾಕಿ ಸುಜುಕಿ. ಕ್ರೈಸ್ತ ಮನೆತನ, ಹನ್ನೆರಡನೆಯ ವಯಸ್ಸಿಗೇ ಭಾನುವಾರದ ಆರಾಧನೆಯಲ್ಲಿ ಆರ್ಗನ್ ನುಡಿಸತೊಡಗಿದವರು. ಟೋಕಿಯೊದಲ್ಲಿ ಓದಿದ ಬಳಿಕ ಆಮ್‌ಸ್ಟರ್‌ಡ್ಯಾಮಿಗೆ ತೆರಳಿ ಟೋನ್ ಕೋಪ್‌ಮನ್ ಅವರಲ್ಲಿ ಹಾರ್ಪ್ಸಿಕಾರ್ಡ್ ಕಲಿತರು. ಈ ವಾದ್ಯವು ನೋಟಕ್ಕೆ ಪಿಯಾನೊವನ್ನು ಹೋಲುತ್ತದೆ. ಆದರೆ ಪಿಯಾನೊದಲ್ಲಿ ಸುತ್ತಿಗೆಯು ತಂತಿಯನ್ನು ಬಡಿದರೆ, ಇಲ್ಲಿ ಪುಟ್ಟ ಗರಿಯ ಕೊಕ್ಕು ತಂತಿಯನ್ನು ಮೀಟುತ್ತದೆ. ವೀಣೆಗೆ ಇದು ಹತ್ತಿರದ ನಂಟು. ಬೆರಳನ್ನು ಎಷ್ಟು ಒತ್ತಿದರೂ ನಾದವು ಹೆಚ್ಚು ಗಟ್ಟಿಯಾಗದು. ಹೀಗಾಗಿ ಸ್ವರವನ್ನು ಯಾವಾಗ ಆರಂಭಿಸಬೇಕು, ಯಾವಾಗ ಬಿಡಬೇಕು ಎಂಬುದರಲ್ಲಿಯೇ ವಾದಕನ ಭಾವವೆಲ್ಲ ಅಡಗಿರುತ್ತದೆ. ಬಾಖ್‌ನ ಕಾಲದಲ್ಲಿ ವಾದ್ಯವೃಂದವನ್ನು ನಡೆಸುವವನು ಹಲವು ವೇಳೆ ಇದರ ಮುಂದೆಯೇ ಕುಳಿತಿರುತ್ತಿದ್ದನು.

ಜಪಾನಿಗೆ ಈ ನಾದ ಹೊಸದಲ್ಲ. 1582ರಲ್ಲಿ ರೋಮಿಗೆ ಹೊರಟ ನಾಲ್ವರು ಕಥೋಲಿಕ ತರುಣರು, ಗೋವೆಯ ದಾರಿಯಾಗಿ 1590ರಲ್ಲಿ ಹಿಂದಿರುಗಿ, ಮರುವರ್ಷ ದೇಶವನ್ನಾಳುತ್ತಿದ್ದ ಹಿದೆಯೋಶಿಯ ಮುಂದೆ ಕ್ಯೋಟೊದಲ್ಲಿ ಪಾಶ್ಚಾತ್ಯ ವಾದ್ಯಗಳನ್ನು ನುಡಿಸಿದ್ದರು. ಹಾರ್ಪ್ಸಿಕಾರ್ಡ್ ಅವುಗಳಲ್ಲೊಂದು. 1614ರಲ್ಲಿ ಕ್ರೈಸ್ತ ಧರ್ಮವು ದೇಶದಾದ್ಯಂತ ನಿಷೇಧವಾಯಿತು. ಆ ಸಂಗೀತವೂ ಇನ್ನೂರು ವರ್ಷಗಳಿಗೂ ಮೀರಿ ಮೌನವಾಯಿತು. ಇಂದಿಗೂ ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟು ಮಾತ್ರ.

ಸುಜುಕಿಯವರು 1990ರಲ್ಲಿ 'ಬಾಖ್ ಕೊಲೇಜಿಯಂ ಜಪಾನ್' ಸ್ಥಾಪಿಸಿದಾಗ ಎದುರಾದ ಪ್ರಶ್ನೆ ಸಾಮಾನ್ಯದ್ದಲ್ಲ. ಬಾಖ್‌ನ ಕಾಂಟಾಟಗಳೆಂದರೆ ಆಯಾ ಭಾನುವಾರದ ಸುವಾರ್ತೆಗೆ ಹೊಂದಿಕೊಂಡ ಗಾನರೂಪದ ಧ್ಯಾನಗಳು. ಜರ್ಮನಿಯ ಲೂಥರನ್ ದೇವಾಲಯಗಳಿಗಾಗಿ ಹುಟ್ಟಿದ ಇವನ್ನು, ಆ ನುಡಿಯೂ ನಡೆಯೂ ತಮ್ಮದಲ್ಲದವರು ಹಾಡಬಲ್ಲರೇ? ಸ್ವೀಕರಿಸಿದ್ದೆಲ್ಲವೂ ಸ್ವೀಕರಿಸುವವನ ಪಾತ್ರತೆಗೆ ತಕ್ಕಂತೆ ಆಕಾರ ತಳೆಯುತ್ತದೆಂದು ನಾವು ಗುರುಮಠದ ತತ್ತ್ವಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆವು. ಈ ಸೂತ್ರವನ್ನು ನಮ್ಮ ಮಿತಿಗೊಂದು ನೆವವಾಗಿ ಬಳಸುವುದೇ ಹೆಚ್ಚು. ಸುಜುಕಿಯವರಾದರೋ ಪಾತ್ರೆಯನ್ನೇ ಹಿಗ್ಗಿಸಲು ಹೊರಟರು. ಬಾಖ್ ಸೇವಿಸಿದ ದೇವರೂ ತಾವು ಆರಾಧಿಸುವ ದೇವರೂ ಒಬ್ಬನೇ ಎಂಬುದು ಅವರ ನೆಲೆಗಟ್ಟು. ಆದರೆ ವಿಶ್ವಾಸವಿದ್ದ ಮಾತ್ರಕ್ಕೆ ಉಚ್ಚಾರ ಸರಿಯಾದೀತೇ? ಜಪಾನೀ ಪದಗಳು ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುತ್ತವೆ. ಜರ್ಮನ್ ಪದಗಳ ಕೊನೆಯಲ್ಲಿ ವ್ಯಂಜನಗಳು ಒತ್ತೊತ್ತಾಗಿ ನಿಲ್ಲುತ್ತವೆ. ಬಸ್ಸನ್ನು 'ಬಸ್ಸು', ಕಾರನ್ನು 'ಕಾರು' ಎನ್ನುವ ಕನ್ನಡಿಗರಾದ ನಮಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ. ಕ್ರೈಸ್ತರಲ್ಲದವರೂ ಇರುವ ಆ ಗಾನವೃಂದವು ಪದದ ಅರ್ಥವನ್ನೂ ಉಚ್ಚಾರವನ್ನೂ ಒಟ್ಟಿಗೇ ಸಾಧಿಸಿಕೊಳ್ಳಬೇಕಾಗಿತ್ತು.

ಸ್ವೀಡನ್ನಿನ ಬಿಸ್ ಸಂಸ್ಥೆಗಾಗಿ ಕೈಗೊಂಡ ಈ ಕಾರ್ಯವು ಹದಿನೆಂಟು ವರ್ಷ ನಡೆಯಿತು. ಉಳಿದುಬಂದಿರುವ ಸುಮಾರು 200 ಧಾರ್ಮಿಕ ಕಾಂಟಾಟಗಳು 55 ಸಂಪುಟಗಳಾದವು. ತಮ್ಮ ಹಿದೆಮಿ ಹಲವು ವರ್ಷ ಚೆಲ್ಲೊ ನುಡಿಸಿದರು. 2012ರಲ್ಲಿ, ಬಾಖ್ ದುಡಿದು ಮಡಿದ ಲೈಪ್‌ಜಿಗ್ ನಗರವೇ ಈ ಜಪಾನೀಯರಿಗೆ ತನ್ನ ಬಾಖ್ ಪದಕವನ್ನಿತ್ತು ಗೌರವಿಸಿತು. ಮರುವರ್ಷದ ಫೆಬ್ರವರಿಯಲ್ಲಿ ಕೊನೆಯ ಧ್ವನಿಮುದ್ರಣಕ್ಕಾಗಿ ಅವರೆಲ್ಲ ಕೂಡಿದ್ದು ಕೋಬೆಯ ಅದೇ ಪ್ರಾರ್ಥನಾಲಯದಲ್ಲಿ. ಹಾರ್ಪ್ಸಿಕಾರ್ಡ್ ವಾದಕರೇ ಆದ ಮಗ ಮಸಾತೊ 2018ರಿಂದ ತಂದೆಯೊಡನೆ ಆ ತಂಡವನ್ನು ನಡೆಸುವ ಹೊಣೆ ಹೊತ್ತಿದ್ದಾರೆ.