ಮಂಗನ ಕಾಯಿಲೆ, ಗಣಕ ಮಾದರಿ ಮತ್ತು ಒಂದು ವಿಶೇಷ ಗೋಷ್ಠಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ತೀವ್ರ ಜ್ವರದಿಂದ ನರಳಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಇದಕ್ಕೆ ಕಾರಣವಾದ ವೈರಸ್ಸನ್ನು ಪತ್ತೆಹಚ್ಚಿದರು. ಕಾಡಿನ ಹೆಸರೇ ರೋಗಕ್ಕೂ ಬಂತು. ಜನರ ಬಾಯಲ್ಲಿ ಅದು ಮಂಗನ ಕಾಯಿಲೆ.

ಈ ರೋಗ ಹರಡುವ ಬಗೆಯನ್ನು ಗಣಕದಲ್ಲಿ ಅನುಕರಿಸಬೇಕು ಎಂದಿಟ್ಟುಕೊಳ್ಳಿ. ಅನಿಲದ ಅಣುಗಳ ಲೆಕ್ಕದಲ್ಲಿ ನಮಗೆ ಸರಾಸರಿ ಸಾಕು. ಒಂದು ಅಣು ಇನ್ನೊಂದರಂತೆಯೇ ಇರುತ್ತದೆ. ಕಾಡಿನಲ್ಲಿ ಹಾಗಲ್ಲ. ವೈರಸ್ಸನ್ನು ಹೊರುವ ಉಣುಗು ಲಾರ್ವಾ, ನಿಂಫ್, ಪ್ರೌಢ ಎಂಬ ಮೂರು ಹಂತಗಳಲ್ಲಿ ಬೇರೆ ಬೇರೆ ಪ್ರಾಣಿಗಳ ರಕ್ತ ಹೀರುತ್ತದೆ. ಮನುಷ್ಯರಿಗೆ ಸೋಂಕು ತಗಲುವುದು ಹೆಚ್ಚಾಗಿ ನಿಂಫ್ ಕಚ್ಚಿದಾಗ, ಡಿಸೆಂಬರಿನಿಂದ ಮೇ ತಿಂಗಳವರೆಗೆ. ಸತ್ತ ಮಂಗನ ಮೈಯಿಂದ ಉದುರಿದ ಉಣುಗುಗಳು ಆ ಜಾಗವನ್ನೇ ಅಪಾಯದ ತಾಣವಾಗಿಸುತ್ತವೆ. ಪ್ರೌಢ ಉಣುಗುಗಳಿಗೆ ದನಗಳೇ ಆಹಾರ. ದರಗು ತರಲು ಕಾಡಿಗೆ ಹೋಗುವವರಿಗೂ ಪೇಟೆಯಲ್ಲಿರುವವರಿಗೂ ಇರುವ ಅಪಾಯ ಒಂದೇ ಅಲ್ಲ. ಮನುಷ್ಯರಿಂದ ಮನುಷ್ಯರಿಗಂತೂ ಇದು ಹರಡುವುದಿಲ್ಲ.

ಪ್ರತಿ ಮಂಗ, ದನ, ಮನುಷ್ಯನಿಗೂ ಪ್ರತ್ಯೇಕ ಸ್ಥಾನ, ಸ್ಥಿತಿ ಮತ್ತು ನಡವಳಿಕೆಯ ನಿಯಮಗಳನ್ನು ಕೊಟ್ಟು, ಒಟ್ಟಾರೆ ಏನಾಗುತ್ತದೆಂದು ನೋಡುವುದೇ ಏಜೆಂಟ್ ಆಧಾರಿತ ಮಾದರಿ. ಏಜೆಂಟ್ ಎಂದೊಡನೆ ವಿಮಾ ಏಜೆಂಟರು ನೆನಪಾದರೆ ತಪ್ಪೇನಿಲ್ಲ. ಅವರಂತೆಯೇ ಇವೂ ಸ್ವತಂತ್ರವಾಗಿ ತಿರುಗುತ್ತವೆ! ಅಸಂಖ್ಯ ಉಣುಗುಗಳನ್ನು ಮಾತ್ರ ಒಂದೊಂದಾಗಿ ಎಣಿಸದೆ, ಕಾಡಿನ ತುಂಡಿಗೆ ಇಷ್ಟೆಂದು ಇಟ್ಟುಕೊಳ್ಳಬಹುದು.

ಇಂಥ ಮಾದರಿಗಳ ಚರ್ಚೆಗೆ ದೊಡ್ಡ ಸಮ್ಮೇಳನಗಳ ಜೊತೆಗೇ ಪ್ರತ್ಯೇಕ ಗೋಷ್ಠಿ ನಡೆಸುವ ಪದ್ಧತಿ ಇದೆ. ಬಹು ಏಜೆಂಟ್ ಅನುಕರಣೆಯ ಕಾರ್ಯಗೋಷ್ಠಿಗಳ ಸರಣಿ 1998ರಲ್ಲಿ ಪ್ಯಾರಿಸಿನಲ್ಲಿ ಹೀಗೆಯೇ ಆರಂಭವಾಯಿತು. ಪ್ರತ್ಯೇಕ ಗೋಷ್ಠಿ ಏಕೆ? ವೈದ್ಯರ ಸಭೆಯಲ್ಲಿ ರೋಗಿಗಳ ಸಂಖ್ಯೆ ಕೇಳುತ್ತಾರೆ, ಗಣಕ ತಜ್ಞರ ಸಭೆಯಲ್ಲಿ ಪ್ರೋಗ್ರಾಂ ಎಷ್ಟು ವೇಗವಾಗಿದೆ ಎಂದು ಕೇಳುತ್ತಾರೆ. ನಡುವೆ ಇರುವ ನಿಯಮಗಳನ್ನು ಯಾರೂ ಪ್ರಶ್ನಿಸುವುದಿಲ್ಲ. ಉಣುಗು ಕಚ್ಚದಂತೆ ಹಚ್ಚುವ ತೈಲ ಮೊದಲು ಯಾವ ಹಳ್ಳಿಗೆ ಹೋಗಬೇಕೆಂಬುದನ್ನು ತಪ್ಪು ನಿಯಮದ ಮಾದರಿ ನಿರ್ಧರಿಸಿದರೆ ಅದರ ಪರಿಣಾಮವನ್ನು ಅನುಭವಿಸುವವರು ಹಳ್ಳಿಯವರು.

ಆದ್ದರಿಂದ ಪ್ರಬಂಧಗಳನ್ನು ಆಹ್ವಾನಿಸುವಾಗಲೇ ನಿಯಮಗಳ ಪೂರ್ಣ ವಿವರಣೆಯನ್ನೂ ಪ್ರೋಗ್ರಾಮನ್ನೂ ಕೇಳಬೇಕು. ವಿವರಣೆಗೆ ವೋಲ್ಕರ್ ಗ್ರಿಮ್ ಮತ್ತು ಸಂಗಡಿಗರು 2006ರಲ್ಲಿ ಸೂಚಿಸಿದ 'ಓಡಿಡಿ' ಎಂಬ ಚೌಕಟ್ಟು ಇದೆ: ಮಾದರಿಯ ಉದ್ದೇಶವೇನು, ಅದರಲ್ಲಿ ಯಾರಿದ್ದಾರೆ, ಯಾವ ಕ್ರಮದಲ್ಲಿ ಏನು ನಡೆಯುತ್ತದೆ ಎಂಬುದನ್ನು ಮೊದಲು ಬರೆದು, ಅನಂತರ ವಿವರಗಳಿಗೆ ಹೋಗುವುದು. ಪ್ರತಿ ಪ್ರಬಂಧವನ್ನು ಒಬ್ಬ ಮಾದರಿಕಾರರೂ ಕ್ಷೇತ್ರ ಬಲ್ಲ ಒಬ್ಬರೂ, ಉದಾಹರಣೆಗೆ ಪಶುವೈದ್ಯರು, ಪರಿಶೀಲಿಸಿದರೆ ಚೆನ್ನ.

ಇನ್ನೊಂದು ಎಚ್ಚರಿಕೆ. ಈ ಮಾದರಿಗಳಲ್ಲಿ ಯಾದೃಚ್ಛಿಕತೆ ಇರುತ್ತದೆ. ಸೋಂಕಿತ ಮಂಗ ಹಳ್ಳಿಯ ಅಂಚಿನಲ್ಲಿ ಸತ್ತರೆ ಒಂದು ಕಥೆ, ಕಾಡಿನ ಒಳಗೆ ಸತ್ತರೆ ಇನ್ನೊಂದು. ಪರದೆಯ ಮೇಲೆ ಚುಕ್ಕೆಗಳು ಓಡಾಡುವ ಒಂದೇ ಚಿತ್ರ ತೋರಿಸಿ ಕುಳಿತವರನ್ನು ಮೋಡಿ ಮಾಡುವುದು ಸುಲಭ, ನಾನೂ ಮರುಳಾಗಿದ್ದೇನೆ. ಮಾದರಿಯನ್ನು ನೂರಾರು ಬಾರಿ ಓಡಿಸಿ, ಫಲಿತಾಂಶಗಳ ಹರವನ್ನು ತೋರಿಸಬೇಕೆಂದು ಅಧ್ಯಕ್ಷರು ಮೊದಲೇ ತಿಳಿಸಬೇಕು. ತೊಂಬತ್ತು ನಿಮಿಷಗಳಲ್ಲಿ ಎಂಟು ಪ್ರಬಂಧ ತುರುಕಿದ ಗೋಷ್ಠಿಯೊಂದರಲ್ಲಿ ಒಂದೇ ಒಂದು ಪ್ರಶ್ನೆಗೂ ಸಮಯವಿರಲಿಲ್ಲ. ನಾಲ್ಕು ಸಾಕು.

ಎಲ್ಲ ತಂಡಗಳಿಗೂ ಒಂದೇ ಸಾಮಾನ್ಯ ಪ್ರಶ್ನೆ ಕೊಡುವುದು ನನಗೆ ಬಹಳ ಇಷ್ಟವಾದ ಕ್ರಮ. ಮಂಗನ ಕಾಯಿಲೆಗೆ ಅಂಥ ಪ್ರಶ್ನೆ ಸಿದ್ಧವಾಗಿಯೇ ಇದೆ. ಕಾಡು ಕಡಿದು ದನ ಮೇಯಿಸಿದ್ದರಿಂದ ಉಣುಗು ಹೆಚ್ಚಿ ರೋಗ ಕೆರಳಿತೇ? ಹೋರ್ಹೆ ಬೋಶೆಲ್ 1969ರಲ್ಲಿ ಈ ದಿಕ್ಕಿನಲ್ಲಿ ವಾದಿಸಿದ್ದರು. ಒಂದೇ ನಕ್ಷೆ, ಒಂದೇ ದನದ ಸಂಖ್ಯೆ ಕೊಟ್ಟಾಗ ನಾಲ್ಕು ಮಾದರಿಗಳು ನಾಲ್ಕು ಉತ್ತರ ಹೇಳಿದರೆ, ಉಳಿದ ಹೊತ್ತೆಲ್ಲ ಯಾವ ನಿಯಮದಿಂದ ವ್ಯತ್ಯಾಸ ಬಂತೆಂದು ಹುಡುಕುವುದಕ್ಕೇ ಮೀಸಲು. ಉಚಿತವಾಗಿ ದೊರೆಯುವ ನೆಟ್‌ಲೋಗೋದಲ್ಲಿ ಪದವಿ ವಿದ್ಯಾರ್ಥಿಗಳೂ ಇದನ್ನು ಕಾಲೇಜಿನಲ್ಲೇ ಮಾಡಿ ನೋಡಬಹುದು.