ಚೊಂಬಿನಿಂದ ವಾಷ್‌ಲೆಟ್‌ವರೆಗೆ

ದೀಪಾವಳಿ ಸಂಚಿಕೆಗೆ ಒಂದು ಪ್ರವಾಸ ಲೇಖನ ಕೊಡಿ ಎಂದು ಸಂಪಾದಕರು ಕೇಳಿದಾಗ, ಜಪಾನಿನ ಬಗ್ಗೆ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಅವರು ಫ್ಯೂಜಿ ಪರ್ವತ, ಕ್ಯೋಟೋದ ದೇವಾಲಯ, ಬುಲೆಟ್ ಟ್ರೈನು ಎಂದೆಲ್ಲ ಎಣಿಸಿಕೊಂಡಿರಬೇಕು. ನಾನು ಬರೆಯಹೊರಟಿರುವುದು ಅಲ್ಲಿನ ಕಕ್ಕಸಿನ ಬಗ್ಗೆ. ಊಟದ ಹೊತ್ತಿಗೆ ಈ ಪುಟ ತೆರೆದವರು ದಯವಿಟ್ಟು ಹೋಳಿಗೆ ಮುಗಿಸಿ ಮುಂದೆ ಓದಿ. ಇಪ್ಪತ್ತೆಂಟು ವರ್ಷಗಳಿಂದ ದಿನಬೆಳಗಾದರೆ ಹತ್ತಾರು ಜನರನ್ನು "ಹೊಟ್ಟೆ ಸರಿಯಾಗಿ ಹೋಗ್ತಾ ಇದೆಯಾ?" ಎಂದು ಕೇಳಿಕೊಂಡೇ ಅನ್ನ ಸಂಪಾದಿಸಿದ ನನಗೆ ಈ ವಿಷಯದಲ್ಲಿ ನಾಚಿಕೆ ಉಳಿದಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರ ಮನೆಗಳಲ್ಲಿ ಒಂದು ಗುಟ್ಟಿದೆ. ಬಾತ್‌ರೂಮಿನ ಸಿಂಕಿನ ಕೆಳಗೆ, ಕ್ಲೀನಿಂಗ್ ಸಾಮಾನುಗಳ ಹಿಂದೆ, ಒಂದು ಪ್ಲಾಸ್ಟಿಕ್ ಮಗ್ಗು. ಆಫೀಸಿನ ಸ್ನೇಹಿತರು ಊಟಕ್ಕೆ ಬರುವ ದಿನ ಅದು ಮಾಯವಾಗುತ್ತದೆ. ಯಾರಾದರೂ ನೋಡಿ ಕೇಳಿದರೆ "ಗಿಡಕ್ಕೆ ನೀರು ಹಾಕಲು" ಎನ್ನುತ್ತೇವೆ. ಬಾತ್‌ರೂಮಿನಲ್ಲಿ ಗಿಡವೇ ಇರುವುದಿಲ್ಲ! ಎರಡು ಕಾರು, ನಾಲ್ಕು ಬೆಡ್‌ರೂಮು, ಮಕ್ಕಳಿಗೆ ಪಿಯಾನೋ, ಎಲ್ಲ ಆದರೂ ನೀರಿಲ್ಲದ ಶೌಚಕ್ಕೆ ನಮ್ಮ ಮನಸ್ಸು ಇನ್ನೂ ಒಗ್ಗಿಲ್ಲ. 2020ರ ಮಾರ್ಚಿನಲ್ಲಿ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರಿಗೆ ಜನ ಮುಗಿಬಿದ್ದಾಗ ನಾವೆಲ್ಲ ಒಳಗೊಳಗೇ ನಕ್ಕದ್ದು ನಿಮಗೂ ನೆನಪಿರಬಹುದು.

ಇಂಥ ಹಿನ್ನೆಲೆಯವನು ಜಪಾನಿಗೆ ಹೋದರೆ ಏನಾಗಬೇಕೋ ಅದೇ ಆಯಿತು. ಕಳೆದ ನವೆಂಬರಿನಲ್ಲಿ ಒಂದು ವೈದ್ಯಕೀಯ ಸಮ್ಮೇಳನಕ್ಕೆಂದು ನಾನೂ ನನ್ನ ಹೆಂಡತಿಯೂ ಟೋಕಿಯೋಗೆ ಹೋದೆವು. ಹೋಟೆಲಿನಲ್ಲಿ ಮೊದಲ ಸಲ ಕುಳಿತಾಗ ಪೀಠ ಬೆಚ್ಚಗಿತ್ತು. ನಮ್ಮೂರಿನವರಿಗೆ ಬೆಚ್ಚಗಿನ ಪೀಠವೆಂದರೆ ಒಂದೇ ಅರ್ಥ: ಯಾರೋ ಈಗತಾನೇ ಎದ್ದುಹೋಗಿದ್ದಾರೆ! ಪಕ್ಕದ ಗೋಡೆಯ ಮೇಲೆ ಗುಂಡಿಗಳ ಸಾಲು. ಒಂದನ್ನು ಒತ್ತಿದರೆ ಬೆಚ್ಚನೆಯ ನೀರಿನ ಧಾರೆ, ಇನ್ನೊಂದಕ್ಕೆ ಬಿಸಿಗಾಳಿ, ಮತ್ತೊಂದಕ್ಕೆ ಧಾರೆ ಮೆಲ್ಲಗೆ, ಜೋರಾಗಿ, ಹಿಂದೆ, ಮುಂದೆ. ನೀರು ಹರಿಸುವ ಗುಂಡಿಗೆ ಎರಡು ಅಕ್ಷರಗಳು, ಒಂದರ ಅರ್ಥ 'ದೊಡ್ಡದು', ಇನ್ನೊಂದರದು 'ಚಿಕ್ಕದು'. ನಾವು ಇಸ್ಕೂಲಿನಲ್ಲಿ ಒಂದಕ್ಕೆ, ಎರಡಕ್ಕೆ ಎಂದು ಬೆರಳು ತೋರಿಸುತ್ತಿದ್ದೆವಲ್ಲ, ಅವರು ಅದನ್ನೇ ಗಾತ್ರದಲ್ಲಿ ಹೇಳುತ್ತಾರೆ. ಭಾಷೆ ಬಾರದ ಪ್ರವಾಸಿಗರ ಪಾಡು ನೋಡಿ, 2017ರಲ್ಲಿ ಅಲ್ಲಿನ ತಯಾರಕರೆಲ್ಲ ಸೇರಿ ಗುಂಡಿಗಳ ಚಿತ್ರಗಳನ್ನು ಒಂದೇ ಬಗೆಯಲ್ಲಿ ಹಾಕಲು ಒಪ್ಪಿಕೊಂಡರಂತೆ.

ನನ್ನ ಹೆಂಡತಿ ಬೇರೊಂದು ಸುದ್ದಿ ತಂದಳು. ಹೆಂಗಸರ ಕಡೆ ನೀರು ಹರಿಯುವ ಸದ್ದನ್ನು ಮಾತ್ರ ಹೊರಡಿಸುವ ಪೆಟ್ಟಿಗೆಯೊಂದಿದೆ. ಒಳಗಿನ ಶಬ್ದ ಹೊರಗೆ ಕೇಳಬಾರದೆಂಬ ಸಂಕೋಚಕ್ಕೆ ಅಲ್ಲಿನ ಹೆಂಗಸರು ಮತ್ತೆ ಮತ್ತೆ ಫ್ಲಷ್ ಮಾಡುತ್ತಿದ್ದರಂತೆ. ನೀರು ಪೋಲಾಗುವುದನ್ನು ತಡೆಯಲು 1988ರಲ್ಲಿ ಟೋಟೋ ಕಂಪನಿ ಈ ಯಂತ್ರವನ್ನು ತಂದಿತು. ಹೆಸರು ಒಟೊಹಿಮೆ, 'ಶಬ್ದದ ರಾಜಕುಮಾರಿ' ಎನ್ನಬಹುದು. ಸಂಕೋಚಕ್ಕೂ ಒಂದು ಯಂತ್ರ!

ಸಮ್ಮೇಳನ ಮುಗಿದ ಮೇಲೆ ಕ್ಯೂಷೂ ದ್ವೀಪದ ಕಿತಾಕ್ಯೂಷೂ ನಗರಕ್ಕೆ ಹೋದೆವು. ಟೋಟೋ ಕಂಪನಿ 1917ರಲ್ಲಿ ಹುಟ್ಟಿದ್ದು ಅಲ್ಲೇ; 2015ರಿಂದ ಅಲ್ಲೊಂದು ಮ್ಯೂಸಿಯಮ್ ಕೂಡ ಇದೆ. "ರೀ, ಜನ ಇಷ್ಟು ದೂರ ಬಂದು ದೇವಸ್ಥಾನ ನೋಡ್ತಾರೆ, ನೀವು ಕಕ್ಕಸು ನೋಡೋಕೆ ರೈಲು ಹತ್ತಿಸ್ತೀರಲ್ಲ" ಎಂದು ನನ್ನವಳು ದಾರಿಯುದ್ದಕ್ಕೂ ಅಂದಳು.

ಈ ಯಂತ್ರದ ಹುಟ್ಟು ಜಪಾನಿನದಲ್ಲ ಎಂಬುದು ತಮಾಷೆಯ ಸಂಗತಿ. 1964ರ ಸುಮಾರಿಗೆ ಟೋಟೋ ಅಮೆರಿಕದಿಂದ 'ವಾಷ್ ಏರ್ ಸೀಟ್' ಎಂಬ ಪೀಠವನ್ನು ತರಿಸಿ ಮಾರುತ್ತಿತ್ತು. ಅದು ಮುಖ್ಯವಾಗಿ ಆಸ್ಪತ್ರೆಗಳಿಗೆ, ಕೈಲಾಗದ ರೋಗಿಗಳಿಗೆ ಎಂದು ಮಾಡಿದ್ದು. ನೀರು ಒಮ್ಮೆ ತಣ್ಣಗೆ, ಒಮ್ಮೆ ಸುಡುವಷ್ಟು ಬಿಸಿ. ಧಾರೆ ಎತ್ತಲೋ ಹೋಗುವುದು. ಅದನ್ನು ಸರಿಪಡಿಸಲು ಕೂತ ಇಂಜಿನಿಯರುಗಳಿಗೆ ಎದುರಾದ ಮೊದಲ ಪ್ರಶ್ನೆ: ಧಾರೆ ಎಲ್ಲಿಗೆ ಬೀಳಬೇಕು? ಯಾವ ಅನಾಟಮಿ ಪುಸ್ತಕದಲ್ಲೂ ಈ ಲೆಕ್ಕ ಸಿಕ್ಕುವುದಿಲ್ಲ. ಪೀಠಕ್ಕೆ ಅಡ್ಡಲಾಗಿ ತಂತಿ ಕಟ್ಟಿ, ಕಂಪನಿಯ 300ಕ್ಕೂ ಹೆಚ್ಚು ನೌಕರರನ್ನು ಕೂರಿಸಿ, ತಂತಿಯ ಮೇಲೆ ಗುರುತು ಹಾಕಿಸಿದರು. ಅಕ್ಕಪಕ್ಕದ ಮೇಜಿನವರಿಗೆ ತನ್ನ ಅಳತೆ ತಿಳಿಯುವುದೆಂದರೆ ಯಾರು ಒಪ್ಪುತ್ತಾರೆ? ಕಾಡಿ ಬೇಡಿ ಒಪ್ಪಿಸಬೇಕಾಯಿತು. ಕೊನೆಗೆ ನಿಂತದ್ದು 43 ಡಿಗ್ರಿ ಕೋನ, 38 ಡಿಗ್ರಿ ಸೆಲ್ಸಿಯಸ್ ನೀರು. ನೀರೂ ವಿದ್ಯುತ್ತೂ ಒಂದೇ ಕಡೆ ಇದ್ದರೆ ಅಪಾಯವಲ್ಲವೇ? ಮಳೆಯಲ್ಲಿ ನೆನೆದರೂ ಕೆಡದ ಟ್ರಾಫಿಕ್ ಸಿಗ್ನಲ್‌ನಿಂದ ಅದಕ್ಕೆ ದಾರಿ ಸಿಕ್ಕಿತು. ಅದೇ ಬಗೆಯ ಸರ್ಕ್ಯೂಟನ್ನು ಇಲ್ಲಿಗೂ ಅಳವಡಿಸಿದರು. 1980ರ ಜೂನಿನಲ್ಲಿ 'ವಾಷ್‌ಲೆಟ್' ಮಾರುಕಟ್ಟೆಗೆ ಬಂತು.

1982ರಲ್ಲಿ ಅದರ ಟಿವಿ ಜಾಹೀರಾತು ಬಂದದ್ದು ಸರಿಯಾಗಿ ಜನ ರಾತ್ರಿ ಊಟಕ್ಕೆ ಕೂರುವ ಹೊತ್ತಿಗೆ. ಗಾಯಕಿ ಜುನ್ ತೊಗಾವಾ ಕೈಗೆ ಬಣ್ಣ ಮೆತ್ತಿಕೊಂಡು, ಪೇಪರಿನಲ್ಲಿ ಒರೆಸಿದರೆ ಇದು ಹೋಗುತ್ತದೆಯೇ ಎಂದು ತೋರಿಸಿದಳು. ಊಟದ ಹೊತ್ತಿನಲ್ಲಿ ಇದೇನು ಎಂದು ಜನ ಫೋನು ಮಾಡಿ ಬೈದರು. ಆದರೆ ಮಾತು ನಾಟಿತು. ಇವತ್ತು ಜಪಾನಿನ ನೂರು ಮನೆಗಳಲ್ಲಿ ಸುಮಾರು ಎಂಬತ್ತರಲ್ಲಿ ಇಂಥ ಪೀಠವಿದೆ. ನಮ್ಮಜ್ಜಿ ಯಾವ ಜಾಹೀರಾತನ್ನೂ ನೋಡದೆ ಇದನ್ನೇ ಹೇಳುತ್ತಿದ್ದರು, ಅವರ ಹತ್ತಿರ ಇದ್ದದ್ದು ಒಂದು ಹಿತ್ತಾಳೆ ಚೊಂಬು ಅಷ್ಟೆ.

ವೈದ್ಯನಾಗಿ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೂಲವ್ಯಾಧಿ, ಬಿರುಕು ಇರುವವರಿಗೆ ಒರಟು ಪೇಪರಿಗಿಂತ ಉಗುರುಬೆಚ್ಚಗಿನ ನೀರು ಎಷ್ಟೋ ಮೇಲು. ಆದರೆ ಸುಖವಾಗಿದೆ ಎಂದು ನಿಮಿಷಗಟ್ಟಲೆ ಜೋರು ಧಾರೆಗೆ ಕೂರಬೇಡಿ. ಚರ್ಮದ ಸಹಜ ಜಿಡ್ಡು ಹೋಗಿ ನವೆ ಶುರುವಾಗುತ್ತದೆ. ಜಪಾನಿನ ವೈದ್ಯರೇ ಇದನ್ನು ಎಚ್ಚರಿಸುತ್ತಾರೆ. ಮೆಲ್ಲನೆಯ ಧಾರೆ, ಹತ್ತಿಪ್ಪತ್ತು ಸೆಕೆಂಡು, ಆಮೇಲೆ ಒತ್ತಿ ಒರೆಸಿಕೊಳ್ಳಿ, ಉಜ್ಜಬೇಡಿ. ಬೆಚ್ಚನೆಯ ಪೀಠ ಬರಿಯ ಶೋಕಿಯೂ ಅಲ್ಲ. ಜಪಾನಿನ ಮನೆಗಳಲ್ಲಿ ಸಾಮಾನ್ಯವಾಗಿ ಇಡೀ ಮನೆಗೆ ಹೀಟಿಂಗ್ ಇರುವುದಿಲ್ಲ. ಬೆಚ್ಚನೆಯ ಹಾಸಿಗೆಯಿಂದ ಎದ್ದು ಕೊರೆಯುವ ಕಕ್ಕಸಿಗೆ ಹೋಗುವ ವಯಸ್ಸಾದವರ ರಕ್ತದೊತ್ತಡ ತಟ್ಟನೆ ಏರುತ್ತದೆ.

ನನಗೆ ಈ ಯಂತ್ರ ಮನಸ್ಸಿಗೆ ಹತ್ತಿರವಾದದ್ದಕ್ಕೆ ಬೇರೆ ಕಾರಣವಿದೆ. ತಿಪಟೂರಿನಿಂದ ಬಂದು ನಮ್ಮೊಡನಿರುವ ಅಮ್ಮನಿಗೆ ಎಂಬತ್ತೊಂದು. ಸಂಧಿವಾತದಿಂದ ಬೆರಳುಗಳೆಲ್ಲ ಸೊಟ್ಟಗಾಗಿವೆ. ಮಗ್ಗು ಹಿಡಿಯಲಾಗದು, ಕೈ ಹಿಂದಕ್ಕೆ ತಿರುಗದು. ಜಪಾನಿಗೆ ಹೊರಡುವ ಮೊದಲೇ ನನ್ನ ಹೆಂಡತಿ ಒಂದನ್ನು ಗಮನಿಸಿದ್ದಳು. "ರೀ, ಅತ್ತೆ ಈಚೆಗೆ ನೀರೇ ಕುಡಿಯಲ್ಲ, ಮಜ್ಜಿಗೆನೂ ಬಿಟ್ಟಿದಾರೆ" ಎಂದಳು. ಎಷ್ಟು ಕೇಳಿದರೂ ಅಮ್ಮ "ಬೇಕು ಅನ್ಸಲ್ಲಪ್ಪ" ಎನ್ನುತ್ತಿದ್ದರು. ಒಂದು ದಿನ ಅವಳ ಹತ್ತಿರ ಬಾಯಿಬಿಟ್ಟರಂತೆ: "ಇದಕ್ಕೂ ನಿನ್ನ ಕರೀಬೇಕಲ್ಲಮ್ಮ." ನಮ್ಮಲ್ಲಿಗೆ ಬರುವ ವಯಸ್ಸಾದ ರೋಗಿಗಳಲ್ಲೂ ಇದನ್ನು ಕಾಣುತ್ತೇನೆ. ಇನ್ನೊಬ್ಬರ ಕೈಲಿ ತೊಳೆಸಿಕೊಳ್ಳುವ ಮುಜುಗರಕ್ಕೆ ಊಟ ನೀರು ಕಡಿಮೆ ಮಾಡುತ್ತಾರೆ; ಮಲಬದ್ಧತೆ, ಮೂತ್ರದ ಸೋಂಕು ಬಂದು ಆಸ್ಪತ್ರೆ ಸೇರುತ್ತಾರೆ. ಕಿತಾಕ್ಯೂಷೂವಿನಲ್ಲಿ ಮ್ಯೂಸಿಯಮ್ ನೋಡುವಾಗ ನನ್ನವಳು ತಮಾಷೆ ನಿಲ್ಲಿಸಿ, "ಅತ್ತೆಗೆ ಒಂದು ಹಾಕಿಸೋಣ" ಎಂದಳು.

ಅಲ್ಲಿಂದಲೇ ಹೊತ್ತು ತರುವ ಆಸೆ ಬೇಡ. ಜಪಾನಿನ ವಿದ್ಯುತ್ತು 100 ವೋಲ್ಟು, ಇಲ್ಲಿ 120. ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತವೆ, ಬೆಲೆ ಕೆಲವು ನೂರು ಡಾಲರುಗಳಿಂದ ಸಾವಿರದ ಮೇಲೂ ಇದೆ. ಕೊಳ್ಳುವ ಮುನ್ನ ಪೀಠ ಉದ್ದವೋ ಗುಂಡೋ ಎಂದು ಅಳೆದುಕೊಳ್ಳಿ. ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಕಮೋಡಿನ ಪಕ್ಕ ಪ್ಲಗ್ ಪಾಯಿಂಟ್ ಇರುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಶಾಕ್ ತಡೆಯುವ ಜಿಎಫ್‌ಸಿಐ ಪಾಯಿಂಟನ್ನೇ ಹಾಕಿಸಬೇಕು. ಗುಂಡಿಗಳು ದೊಡ್ಡದಾಗಿರುವ ರಿಮೋಟು ಆರಿಸಿ, ವಯಸ್ಸಾದವರಿಗೆ ಅದೇ ಮುಖ್ಯ.

ನನ್ನವಳು ಆ ಗುಂಡಿಗಳ ಮೇಲೆ ಬಿಳಿ ಟೇಪು ಅಂಟಿಸಿ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಳು: ನೀರು, ಗಾಳಿ, ಸಾಕು. ಮೊದಲೆರಡು ದಿನ ಅಮ್ಮ ಏನೂ ಹೇಳಲಿಲ್ಲ. ಮೂರನೆಯ ದಿನ ಅಡುಗೆಮನೆಗೆ ಬಂದು, "ಇದನ್ನ ಮಾಡಿದೋನು ಯಾರಪ್ಪ? ಅವನ ಹೊಟ್ಟೆ ತಣ್ಣಗಿರಲಿ" ಅಂದರು. ಅದು ಒಬ್ಬರು ಮಾಡಿದ್ದಲ್ಲಮ್ಮ, ಕಂಪನಿ ಅಂದೆ. "ಕಂಪನಿಯವರಿಗೆ ಹೊಟ್ಟೆ ಇರಲ್ವೇನೋ" ಎಂದು ಹೇಳಿ, ಅವತ್ತು ಊಟಕ್ಕೆ ಎರಡು ಲೋಟ ಮಜ್ಜಿಗೆ ಹಾಕಿಸಿಕೊಂಡರು.